ಓ, ಎ, ಬಿ, ಎಬಿ: ರಕ್ತದ ಗುಂಪಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಐಡಿ ಕಾರ್ಡು, ಡ್ರೈವಿಂಗ್ ಲೈಸೆನ್ಸು, ಮದುವೆಯ ಬಯೋಡೇಟಾ, ಎಲ್ಲದರಲ್ಲೂ ಬ್ಲಡ್ ಗ್ರೂಪ್‌ಗೆ ಒಂದು ಖಾನೆ ಇದ್ದೇ ಇರುತ್ತದೆ. ಆ ಖಾನೆಯ ಒಂದೆರಡು ಅಕ್ಷರಗಳಿಂದ ಜನ ತಿಳಿಯಬಯಸುವುದು ಮಾತ್ರ ಬಹಳ: ಏನು ತಿನ್ನಬೇಕು, ಯಾರನ್ನು ಮದುವೆಯಾಗಬೇಕು, ಸೊಳ್ಳೆ ನನ್ನನ್ನೇ ಯಾಕೆ ಕಚ್ಚುತ್ತದೆ, ಮಗನಿಗೆ ಇಷ್ಟು ಸಿಟ್ಟು ಎಲ್ಲಿಂದ ಬಂತು. ರಕ್ತದಾನ ಶಿಬಿರಗಳಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ನೆಂಟರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉತ್ತರ ಒಂದೇ ಸಾಲಿನದು. ಕೆಲವಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ರಕ್ತದ ಗುಂಪು ಅಂದರೆ ನಿಜಕ್ಕೂ ಏನು? ಎಲ್ಲರ ರಕ್ತವೂ ಕೆಂಪೇ ಅಲ್ಲವೇ?

ಕೆಂಪೇ. ವ್ಯತ್ಯಾಸ ಇರುವುದು ಕೆಂಪು ರಕ್ತಕಣದ ಹೊರಮೈಯಲ್ಲಿ. ಅಲ್ಲಿ ಸಕ್ಕರೆಯ ಅಣುಗಳು ಸರಪಳಿಯಂತೆ ಜೋಡಿಸಿಕೊಂಡಿರುತ್ತವೆ. ಎಲ್ಲರಲ್ಲೂ ಸಾಮಾನ್ಯವಾಗಿರುವ ಬುಡದ ರಚನೆಯ ಹೆಸರು ಎಚ್. ಅದರ ತುದಿಗೆ ಒಂದು ಬಗೆಯ ಸಕ್ಕರೆ ಅಂಟಿಕೊಂಡರೆ ನಿಮ್ಮದು ಎ ಗುಂಪು, ಇನ್ನೊಂದು ಬಗೆಯದು ಅಂಟಿಕೊಂಡರೆ ಬಿ. ಎರಡೂ ಬಗೆಯವು ಇದ್ದರೆ ಎಬಿ. ಏನೂ ಅಂಟದೆ ಎಚ್ ಬರಿದಾಗಿಯೇ ಉಳಿದರೆ ಓ. (ಸಕ್ಕರೆ ಎಂದ ಕೂಡಲೇ ಶುಗರ್ ಕಾಯಿಲೆ ನೆನಪಾಗುವುದು ಸಹಜ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.)

ಈ ಅಂಟಿಸುವ ಕೆಲಸ ಮಾಡುವ ಕಿಣ್ವದ ಜೀನು 9ನೇ ಕ್ರೋಮೋಸೋಮಿನಲ್ಲಿದೆ. ಎ ಕಿಣ್ವಕ್ಕೂ ಬಿ ಕಿಣ್ವಕ್ಕೂ ಇರುವ ಅಂತರ ಬರೀ ನಾಲ್ಕು ಅಮೈನೋ ಆಮ್ಲಗಳದ್ದು. ಓ ಗುಂಪಿನ ಹೆಚ್ಚಿನವರಲ್ಲಿ ಆ ಜೀನಿನ ಒಂದೇ ಒಂದು ಅಕ್ಷರ ಬಿಟ್ಟುಹೋಗಿರುತ್ತದೆ. ಅಷ್ಟಕ್ಕೇ ಮುಂದಿನ ಓದೆಲ್ಲ ತಪ್ಪಿ ಕಿಣ್ವ ನಿಷ್ಪ್ರಯೋಜಕವಾಗುತ್ತದೆ. ಇದೇ ಎ, ಬಿ ಭೇದ ಗಿಬ್ಬನ್‌ನಂಥ ವಾನರಗಳಲ್ಲೂ ಇದೆ. ಅಂದರೆ ಮನುಷ್ಯ ಮನುಷ್ಯನಾಗುವುದಕ್ಕೆ ಬಹಳ ಮೊದಲೇ, ಕನಿಷ್ಠ 2 ಕೋಟಿ ವರ್ಷಗಳ ಹಿಂದಿನಿಂದಲೂ ಇದು ನಡೆದುಬಂದಿದೆ.

ಪಾಸಿಟಿವ್, ನೆಗೆಟಿವ್ ಎನ್ನುವುದು ಬೇರೆಯದೇ ಲೆಕ್ಕ. ಡಿ ಎಂಬ ಪ್ರೋಟೀನ್ ಕಣದ ಮೇಲೆ ಇದ್ದರೆ ಆರ್‌ಎಚ್ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್.

ಬೇರೆ ಗುಂಪಿನ ರಕ್ತ ಕೊಟ್ಟರೆ ಏನಾಗುತ್ತದೆ?

ನಿಮ್ಮಲ್ಲಿ ಇಲ್ಲದ ಸಕ್ಕರೆಯ ವಿರುದ್ಧ ನಿಮ್ಮ ಪ್ಲಾಸ್ಮಾದಲ್ಲಿ, ಅಂದರೆ ಕಣಗಳನ್ನು ಬಿಟ್ಟರೆ ಉಳಿಯುವ ರಕ್ತದ ದ್ರವದಲ್ಲಿ, ಪ್ರತಿಕಾಯಗಳು (ಹೊರಗಿನದನ್ನು ಗುರುತಿಸಿ ಎದುರಿಸುವ ಪ್ರೋಟೀನುಗಳು) ಮೊದಲೇ ಸಿದ್ಧವಾಗಿರುತ್ತವೆ. ಎ ಗುಂಪಿನವರಲ್ಲಿ ಬಿ-ವಿರೋಧಿ, ಬಿ ಗುಂಪಿನವರಲ್ಲಿ ಎ-ವಿರೋಧಿ, ಓ ಗುಂಪಿನವರಲ್ಲಿ ಎರಡೂ. ಸೋಜಿಗವೆಂದರೆ, ಜೀವಮಾನದಲ್ಲಿ ಒಂದು ಹನಿ ಪರರ ರಕ್ತ ಪಡೆಯದವರಲ್ಲೂ ಇವು ಇರುತ್ತವೆ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳ ಮೈಮೇಲೂ ಇಂಥದ್ದೇ ಸಕ್ಕರೆಗಳಿವೆ. ಅವನ್ನು ನೋಡಿ ನೋಡಿ ಮಗುವಿನ ದೇಹ 3ರಿಂದ 6 ತಿಂಗಳ ಹೊತ್ತಿಗೆ ಪ್ರತಿಕಾಯ ತಯಾರಿಸುವುದನ್ನು ಕಲಿಯುತ್ತದೆ.

ಹೊಂದದ ರಕ್ತ ಒಳಗೆ ಹೋದರೆ ಈ ಪ್ರತಿಕಾಯಗಳು ಆ ಕಣಗಳನ್ನು ಒಡೆದುಹಾಕುತ್ತವೆ. ಚಳಿ ಜ್ವರ, ಸೊಂಟ ನೋವು, ಕೆಂಪು ಮೂತ್ರ, ಮೂತ್ರಪಿಂಡ ಕೈಕೊಡುವುದು, ಕೊನೆಗೆ ಸಾವೂ ಆಗಬಹುದು. 1818ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಬ್ಲಂಡೆಲ್ ಮನುಷ್ಯರಿಂದ ಮನುಷ್ಯರಿಗೆ ರಕ್ತ ಕೊಡಲು ಶುರುಮಾಡಿದಾಗ ಕೆಲವರು ಬದುಕಿದರು, ಕೆಲವರು ಸತ್ತರು. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ಅದಕ್ಕೆ ಕಾರಣ ಕಂಡುಹಿಡಿದವರು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ತಮ್ಮ ಮತ್ತು ಸಹೋದ್ಯೋಗಿಗಳ ರಕ್ತವನ್ನು ಒಂದರೊಡನೊಂದು ಬೆರೆಸಿ, ಯಾವುದು ಗಂಟುಕಟ್ಟುತ್ತದೆ ಯಾವುದು ಇಲ್ಲ ಎಂದು ನೋಡಿ 1901ರಲ್ಲಿ ಮೂರು ಗುಂಪುಗಳನ್ನು ಬಿಡಿಸಿ ತೋರಿಸಿದರು. ನಾಲ್ಕನೆಯದಾದ ಎಬಿ ಮರುವರ್ಷ ಅವರ ಶಿಷ್ಯಬಳಗಕ್ಕೆ ಸಿಕ್ಕಿತು. 1930ರಲ್ಲಿ ನೊಬೆಲ್ ಬಂತು. ಅವರು ಹುಟ್ಟಿದ ಜೂನ್ 14ನ್ನೇ ಈಗ ವಿಶ್ವ ರಕ್ತದಾನಿಗಳ ದಿನವಾಗಿ ಆಚರಿಸುತ್ತಾರೆ.

ನಮ್ಮ ದೇಶದಲ್ಲಿ ಯಾವ ಗುಂಪು ಹೆಚ್ಚು?

ಓ ಮತ್ತು ಬಿ. ದಕ್ಷಿಣದಲ್ಲಿ ಓ ಮುಂದು, ಉತ್ತರದ ಹಲವು ಕಡೆ ಬಿ ಮುಂದು. ಎ ಮೂರನೆಯದು, ಎಬಿ ಎಲ್ಲಕ್ಕಿಂತ ಕಡಿಮೆ. ಪಶ್ಚಿಮ ಯುರೋಪಿನಲ್ಲಿ ಬಿ ಗುಂಪಿನವರು ಹತ್ತರಲ್ಲಿ ಒಬ್ಬರಷ್ಟೇ ಸಿಗುತ್ತಾರೆ. ನಮ್ಮಲ್ಲಿ ಸುಮಾರು ಮೂವರಲ್ಲಿ ಒಬ್ಬರು. ದಕ್ಷಿಣ ಅಮೆರಿಕದ ಮೂಲನಿವಾಸಿಗಳಲ್ಲಂತೂ ಹೆಚ್ಚುಕಡಿಮೆ ಎಲ್ಲರೂ ಓ.

ನೆಗೆಟಿವ್ ನಮ್ಮಲ್ಲಿ ನೂರಕ್ಕೆ ಐದರ ಆಸುಪಾಸು. ಯುರೋಪಿನ ಮೂಲದವರಲ್ಲಿ 15. ಚೀನಾದಲ್ಲಿ ಒಂದಕ್ಕಿಂತ ಕಡಿಮೆ.

ಓ ನೆಗೆಟಿವ್ ಇದ್ದವರು ಯಾರಿಗೆ ಬೇಕಾದರೂ ಕೊಡಬಹುದಂತೆ, ಹೌದೇ?

ಕೆಂಪು ಕಣಗಳನ್ನು ಕೊಡಬಹುದು, ಅದೂ ಗುಂಪು ಪರೀಕ್ಷಿಸಲು ಪುರುಸೊತ್ತಿಲ್ಲದ ತುರ್ತಿನಲ್ಲಿ. ಪ್ಲಾಸ್ಮಾಕ್ಕೆ ಬಂದರೆ ಲೆಕ್ಕ ತಲೆಕೆಳಗು. ಓ ಗುಂಪಿನವರ ಪ್ಲಾಸ್ಮಾದಲ್ಲಿ ಎರಡೂ ಪ್ರತಿಕಾಯಗಳಿರುವುದರಿಂದ ಅದು ಓ ಗುಂಪಿನವರಿಗೆ ಮಾತ್ರ. ಪ್ಲಾಸ್ಮಾದ ವಿಷಯದಲ್ಲಿ ಎಲ್ಲರಿಗೂ ಕೊಡಬಲ್ಲವರು ಎಬಿ ಗುಂಪಿನವರು. ಈ ಎರಡನೆಯ ಭಾಗವನ್ನು ಶಾಲೆಯಲ್ಲಿ ಸಾಮಾನ್ಯವಾಗಿ ಹೇಳಿಕೊಡುವುದಿಲ್ಲ. ಹಾಗಾಗಿ ಎಬಿಯವರು ತಾವು ಪಡೆಯುವುದಕ್ಕೇ ಹುಟ್ಟಿದವರು ಎಂಬ ಸಂಕೋಚದಲ್ಲಿರುತ್ತಾರೆ.

ಅಪ್ಪ ಎ, ಅಮ್ಮ ಓ. ಮಗು ಎಬಿ. ಇದು ಸಾಧ್ಯವೇ?

ಪಠ್ಯಪುಸ್ತಕದ ಪ್ರಕಾರ ಸಾಧ್ಯವಿಲ್ಲ. ಬಿ ಎಲ್ಲಿಂದ ಬರಬೇಕು? ಆದರೆ ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಉತ್ತರಿಸುವ ಮುನ್ನ ಒಂದು ಹೆಸರು ನೆನಪಿಟ್ಟುಕೊಳ್ಳಬೇಕು: ಬಾಂಬೆ ರಕ್ತದ ಗುಂಪು.

1952ರಲ್ಲಿ ಮುಂಬೈನ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಯಾವ ದಾನಿಯ ರಕ್ತವೂ ಹೊಂದದ ಕೆಲವರನ್ನು ಕಂಡರು. ಪರೀಕ್ಷೆಯಲ್ಲಿ ಅವರು ಓ ಎಂದೇ ತೋರುತ್ತಿದ್ದರು. ಓ ರಕ್ತ ಬೆರೆಸಿದರೂ ಗಂಟುಕಟ್ಟುತ್ತಿತ್ತು. ಮೇಲೆ ಹೇಳಿದ ಎಚ್ ರಚನೆಯೇ ಅವರಲ್ಲಿ ಇರಲಿಲ್ಲ. ಬುಡವೇ ಇಲ್ಲದ ಮೇಲೆ ಎ, ಬಿ ಸಕ್ಕರೆಗಳನ್ನು ಅಂಟಿಸುವ ಕಿಣ್ವ ಇದ್ದರೂ ಏನು ಬಂತು? ಮೊಳೆಯೇ ಇಲ್ಲದ ಗೋಡೆಗೆ ಕ್ಯಾಲೆಂಡರು ತೂಗುಹಾಕಲು ಹೊರಟ ಹಾಗೆ. ಎಚ್ ಇಲ್ಲದವರ ಪ್ಲಾಸ್ಮಾದಲ್ಲಿ ಎಚ್-ವಿರೋಧಿ ಪ್ರತಿಕಾಯ ಇರುತ್ತದೆ. ಮಿಕ್ಕ ನಮ್ಮೆಲ್ಲರ ಕಣಗಳಲ್ಲೂ ಎಚ್ ಇರುವುದರಿಂದ ಬಾಂಬೆ ಗುಂಪಿನವರು ಇನ್ನೊಬ್ಬ ಬಾಂಬೆ ಗುಂಪಿನವರಿಂದ ಮಾತ್ರ ರಕ್ತ ಪಡೆಯಬಲ್ಲರು.

ಈಗ ಮೇಲಿನ ಕುಟುಂಬಕ್ಕೆ ಬನ್ನಿ. ಅಮ್ಮನ ಕಾರ್ಡಿನಲ್ಲಿ ಓ ಎಂದಿದೆ. ಆಕೆ ನಿಜಕ್ಕೂ ಬಾಂಬೆ ಗುಂಪಿನವರಾಗಿದ್ದು ಒಳಗೆ ಬಿ ಜೀನ್ ಇದ್ದರೆ ಅದು ಆಕೆಯ ಕಣದ ಮೇಲೆ ಕಾಣಿಸಿಕೊಂಡಿರುವುದಿಲ್ಲ. ಮಗುವಿಗೆ ಅಪ್ಪನಿಂದ ಎಚ್ ಸಿಕ್ಕಿತು, ಎ ಕೂಡ ಸಿಕ್ಕಿತು. ಅಮ್ಮನಿಂದ ಬಂದ ಬಿ ಈಗ ಬಯಲಾಯಿತು. ಮಗು ಎಬಿ. ಸಂಸಾರದಲ್ಲಿ ಬಿರುಗಾಳಿ ಏಳುವ ಮೊದಲು ಪರೀಕ್ಷೆಯನ್ನು ಇನ್ನೊಮ್ಮೆ, ಸರಿಯಾದ ರಕ್ತನಿಧಿಯಲ್ಲಿ ಮಾಡಿಸಬೇಕು ಎನ್ನುವುದು ಇದಕ್ಕೇ. ಮೊದಲ ಬಾರಿಯ ಪರೀಕ್ಷೆಯೇ ತಪ್ಪಾಗಿರುವ ಸಾಧ್ಯತೆ ಬಾಂಬೆ ಗುಂಪಿಗಿಂತಲೂ ಹೆಚ್ಚು ಎನ್ನುವುದನ್ನೂ ಸೇರಿಸಿಬಿಡುತ್ತೇನೆ.

ಸ್ಲೈಡಿನ ಮೇಲೆ ಹನಿ ಹಾಕಿ ನೋಡುವ ಬೀದಿಬದಿಯ ಲ್ಯಾಬ್ ಪರೀಕ್ಷೆಯಲ್ಲಿ ಬಾಂಬೆ ಗುಂಪು ಸಿಕ್ಕಿಬೀಳುವುದಿಲ್ಲ, ಓ ಎಂದೇ ಬರುತ್ತದೆ. ರಕ್ತನಿಧಿಯವರು ಕಣಗಳನ್ನಷ್ಟೇ ಅಲ್ಲದೆ ಪ್ಲಾಸ್ಮಾವನ್ನೂ, ಗುಂಪು ಗೊತ್ತಿರುವ ಕಣಗಳ ಜೊತೆ ಬೆರೆಸಿ, ಪರೀಕ್ಷಿಸುತ್ತಾರೆ. ಅದರಲ್ಲಿ ಓ ಕಣಗಳನ್ನೂ ಸೇರಿಸಿದಾಗ ಗುಟ್ಟು ರಟ್ಟಾಗುತ್ತದೆ. ಭಾರತದಲ್ಲಿ ಸುಮಾರು 10,000 ಮಂದಿಗೆ ಒಬ್ಬರು ಈ ಗುಂಪಿನವರೆಂದು ಅಂದಾಜು. ಯುರೋಪಿನಲ್ಲಿ ಹತ್ತು ಲಕ್ಷಕ್ಕೊಬ್ಬರು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಎಚ್ ಜೀನ್ ಬಂದರಷ್ಟೇ ಇದು ಉಂಟಾಗುವುದರಿಂದ, ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿ ಇರುವ ಕಡೆ ಸ್ವಲ್ಪ ಹೆಚ್ಚು. ಇಂಥ ದಾನಿಗಳನ್ನು ಒಬ್ಬರಿಗೊಬ್ಬರು ಜೋಡಿಸುವ ಕೆಲಸವನ್ನು ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಶನ್ ಮಾಡುತ್ತಾ ಬಂದಿದೆ.

ಕೋಲಾರದಲ್ಲಿ ಹೊಸ ರಕ್ತದ ಗುಂಪು ಸಿಕ್ಕಿತಂತಲ್ಲ, ಏನದು?

ಹೌದು, ಇದು 2025ರ ಸುದ್ದಿ. ಹೃದಯದ ಶಸ್ತ್ರಚಿಕಿತ್ಸೆಗೆಂದು ಕೋಲಾರದ ಆಸ್ಪತ್ರೆಗೆ ದಾಖಲಾದ ಮಹಿಳೆಯೊಬ್ಬರ ಗುಂಪು ಓ ಪಾಸಿಟಿವ್, ಅಂದರೆ ನಮ್ಮಲ್ಲಿ ಅತಿ ಸುಲಭವಾಗಿ ಸಿಗುವುದು. ಆದರೆ ತಂದಿಟ್ಟ ಯಾವ ಓ ಪಾಸಿಟಿವ್ ಚೀಲವೂ ಹೊಂದಲಿಲ್ಲ. ಮಾದರಿ ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರಕ್ಕೆ ಹೋಯಿತು. ಅಲ್ಲಿ ಆಕೆಯ ಕುಟುಂಬದ 20 ಮಂದಿಯನ್ನು ಪರೀಕ್ಷಿಸಿದರೂ ಒಬ್ಬರದೂ ಹೊಂದಲಿಲ್ಲ. ವೈದ್ಯರು ಎಚ್ಚರದಿಂದ, ರಕ್ತ ಕೊಡುವ ಪ್ರಸಂಗವೇ ಬಾರದಂತೆ ಶಸ್ತ್ರಚಿಕಿತ್ಸೆ ಮುಗಿಸಿದರು.

ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಪ್ರಯೋಗಾಲಯಕ್ಕೆ ಹೋಗಿ, ಹತ್ತು ತಿಂಗಳ ಕೆಲಸದ ನಂತರ, ಹಿಂದೆಂದೂ ಕಾಣದ ಪ್ರತಿಜನಕವೊಂದು (ಎ, ಬಿ, ಡಿಗಳಂತೆ ಕಣದ ಮೇಲಿದ್ದು ಪ್ರತಿಕಾಯಗಳಿಗೆ ಗುರುತು ಸಿಗುವ ಅಂಶ) ಬೆಳಕಿಗೆ ಬಂತು. ಅದು ಕ್ರೋಮರ್ ಎಂಬ ರಕ್ತವ್ಯವಸ್ಥೆಗೆ, ಅಂದರೆ ಒಂದಕ್ಕೊಂದು ನಂಟಿರುವ ಪ್ರತಿಜನಕಗಳ ಬಳಗಕ್ಕೆ, ಸೇರಿದ್ದು. ಇಟ್ಟ ಹೆಸರು ಕ್ರಿಬ್: ಕ್ರೋಮರ್, ಇಂಡಿಯಾ, ಬೆಂಗಳೂರು ಮೂರೂ ಅದರಲ್ಲಿವೆ. 2025ರ ಜೂನ್‌ನಲ್ಲಿ ಮಿಲಾನ್‌ನ ಸಮ್ಮೇಳನದಲ್ಲಿ ಇದನ್ನು ಪ್ರಕಟಿಸಿದರು. ಹಾಗಾಗಿ "ಹೊಸ ಗುಂಪು" ಎನ್ನುವುದಕ್ಕಿಂತ, ಗೊತ್ತಿದ್ದ ವ್ಯವಸ್ಥೆಯೊಳಗಿನ ಹೊಸ ಪ್ರತಿಜನಕ ಎನ್ನುವುದು ಸರಿ.

ಎಬಿಓ ಮತ್ತು ಆರ್‌ಎಚ್ ಎರಡೇ ಅಲ್ಲ. ಈವರೆಗೆ ಗುರುತಿಸಿರುವ ರಕ್ತವ್ಯವಸ್ಥೆಗಳು 45ಕ್ಕೂ ಹೆಚ್ಚು, ಪ್ರತಿಜನಕಗಳು 350 ಮೀರಿವೆ. ಕಾರ್ಡಿನ ಮೇಲಿರುವುದು ದಿನಬಳಕೆಗೆ ಸಾಲುವ ಸಂಕ್ಷಿಪ್ತ ಬರಹ, ಅಷ್ಟೇ. ಕೋಲಾರದ ಆ ಮಹಿಳೆಯ ಕಾರ್ಡಿನಲ್ಲೂ ಓ ಪಾಸಿಟಿವ್ ಎಂದೇ ಇದ್ದಿರಬೇಕು.

ಗಂಡ ಹೆಂಡತಿ ಇಬ್ಬರದೂ ಒಂದೇ ಗುಂಪಾದರೆ ಮಕ್ಕಳಿಗೆ ತೊಂದರೆಯೇ?

ಇಲ್ಲ. ಈ ಭಯಕ್ಕೆ ಯಾವ ಆಧಾರವೂ ಇಲ್ಲ. ಜಾತಕ ಕೂಡಿದ ಮೇಲೂ "ಇಬ್ಬರದೂ ಬಿ ಪಾಸಿಟಿವ್" ಎಂದು ಹಿಂದೆ ಸರಿದವರ ಕಥೆ ಕೇಳಿದರೆ ಬೇಸರವಾಗುತ್ತದೆ. ಮೂವರಲ್ಲಿ ಒಬ್ಬರು ಬಿ ಆಗಿರುವ ದೇಶದಲ್ಲಿ ಬಿಗೆ ಬಿ ಗಂಟುಬೀಳದೆ ಇನ್ನೇನಾಗಬೇಕು?

ಗಮನ ಕೊಡಬೇಕಾದ್ದು ಬೇರೆಯೇ ಇದೆ, ಮತ್ತು ಅದು ಗುಂಪು ಒಂದೇ ಆದಾಗ ಅಲ್ಲ, ಬೇರೆಯಾದಾಗ. ತಾಯಿ ಆರ್‌ಎಚ್ ನೆಗೆಟಿವ್, ತಂದೆ ಪಾಸಿಟಿವ್ ಇದ್ದರೆ ಹೊಟ್ಟೆಯಲ್ಲಿರುವ ಮಗು ಪಾಸಿಟಿವ್ ಆಗಬಹುದು. ಹೆರಿಗೆಯ ಹೊತ್ತಿನಲ್ಲಿ ಮಗುವಿನ ಒಂದಿಷ್ಟು ರಕ್ತಕಣ ತಾಯಿಯ ರಕ್ತಕ್ಕೆ ಸೇರುತ್ತದೆ. ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಿಕೊಳ್ಳುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಎರಡನೆಯ ಬಸುರಿನಲ್ಲಿ ಮಗು ಮತ್ತೆ ಪಾಸಿಟಿವ್ ಆಗಿದ್ದರೆ ಆ ಪ್ರತಿಕಾಯಗಳು ಮಾಸು ದಾಟಿ ಹೋಗಿ ಮಗುವಿನ ರಕ್ತಕಣಗಳನ್ನು ಒಡೆಯುತ್ತವೆ. ವಿಪರೀತ ರಕ್ತಹೀನತೆ, ಕಾಮಾಲೆ, ಮಗು ಉಳಿಯದೇ ಹೋಗುವುದು ಎಲ್ಲವೂ ಇದರಿಂದ ಆಗುತ್ತಿತ್ತು. ಎಷ್ಟೋ ಮನೆಗಳಲ್ಲಿ "ಮೊದಲನೆಯದು ಉಳಿಯಿತು, ಆಮೇಲಿನವು ಒಂದೂ ನಿಲ್ಲಲಿಲ್ಲ" ಎಂದು ದೃಷ್ಟಿಗೋ ಶಾಪಕ್ಕೋ ಹೊರಿಸಿದ್ದರ ಹಿಂದೆ ಇದೂ ಇದ್ದಿರಬಹುದು.

1968ರ ಸುಮಾರಿಗೆ ಆಂಟಿ-ಡಿ, ಅಂದರೆ ಡಿ-ವಿರೋಧಿ ಪ್ರತಿಕಾಯದ, ಇಂಜೆಕ್ಷನ್ ಬಂತು. ತಾಯಿಗೆ 28ನೇ ವಾರದಲ್ಲಿ ಒಂದು, ಮಗು ಪಾಸಿಟಿವ್ ಎಂದಾದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ತಾಯಿಯ ದೇಹ ಮಗುವಿನ ಕಣಗಳನ್ನು ಗುರುತುಹಿಡಿಯುವ ಮೊದಲೇ ಈ ಮದ್ದು ಅವನ್ನು ತೆಗೆದುಹಾಕುತ್ತದೆ. ಗರ್ಭಪಾತವಾದಾಗಲೂ ವೈದ್ಯರು ಇದರ ಅಗತ್ಯ ನೋಡುತ್ತಾರೆ. ಹಾಗಾಗಿ "ನಿಲ್ಲಲಿಲ್ಲ ಬಿಡಿ" ಎಂದು ಆಸ್ಪತ್ರೆಗೆ ಹೋಗದೆ ಕೂರಬಾರದು. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಎಂಬವರ ಪ್ಲಾಸ್ಮಾದಲ್ಲಿ ಈ ಆಂಟಿ-ಡಿ ಹೇರಳವಾಗಿತ್ತು. 1954ರಿಂದ 2018ರವರೆಗೆ ಅವರು 1,100ಕ್ಕೂ ಹೆಚ್ಚು ಸಲ ಕೊಟ್ಟರು. ಅದರಿಂದ 24 ಲಕ್ಷ ಶಿಶುಗಳಿಗೆ ನೆರವಾಯಿತೆಂದು ಅಲ್ಲಿನ ರಕ್ತಸೇವೆಯ ಲೆಕ್ಕ. 2025ರಲ್ಲಿ ತೀರಿಕೊಂಡರು.

ತಾಯಿ ಓ, ಮಗು ಎ ಅಥವಾ ಬಿ ಆದಾಗಲೂ ಹುಟ್ಟಿದ ಮಗುವಿಗೆ ಕಾಮಾಲೆ ಬರುವುದುಂಟು. ಹೆಚ್ಚಿನವು ನೀಲಿ ದೀಪದ ಕೆಳಗೆ ಮಲಗಿಸಿದರೆ ಇಳಿಯುತ್ತವೆ.

ಮದುವೆಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಬೇಕೆಂದೇ ಇದ್ದರೆ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರೋ ಎಂದು ನೋಡುವ ಎಚ್‌ಬಿ ಎ2 ಪರೀಕ್ಷೆ ಮಾಡಿಸಿ. ಗಂಡು ಹೆಣ್ಣು ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಆ ಕಾಯಿಲೆ ಬರುವ ನಾಲ್ಕರಲ್ಲಿ ಒಂದು ಪಾಲು ಅಪಾಯ ನಿಜವಾಗಿಯೂ ಇದೆ. ಬಯೋಡೇಟಾದಲ್ಲಿ ಅದಕ್ಕೆ ಖಾನೆ ಇಲ್ಲ.

ರಕ್ತದ ಗುಂಪು ನೋಡಿ ತಂದೆ ಯಾರೆಂದು ಹೇಳಬಹುದೇ?

ಯಾರು ಅಲ್ಲ ಎಂದು ಕೆಲವೊಮ್ಮೆ ಹೇಳಬಹುದು, ಯಾರು ಎಂದು ಹೇಳಲಾಗದು. ಇದರ ಪ್ರಸಿದ್ಧ ಪ್ರಕರಣ ಚಾರ್ಲಿ ಚಾಪ್ಲಿನ್‌ರದು. ನಟಿ ಜೋನ್ ಬ್ಯಾರಿ ತನ್ನ ಮಗುವಿಗೆ ಆತನೇ ತಂದೆ ಎಂದು ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ತಾಯಿ ಎ, ಮಗು ಬಿ, ಚಾಪ್ಲಿನ್ ಓ. ಬಿ ಇನ್ಯಾರಿಂದಲೋ ಬರಬೇಕಿತ್ತು. ಆದರೂ 1945ರಲ್ಲಿ ಜ್ಯೂರಿ ಚಾಪ್ಲಿನ್‌ರೇ ತಂದೆ ಎಂದು ತೀರ್ಮಾನಿಸಿತು. ಆ ಕಾಲದ ಅಲ್ಲಿನ ಕಾನೂನು ರಕ್ತ ಪರೀಕ್ಷೆಯನ್ನು ಅಂತಿಮ ಸಾಕ್ಷ್ಯವೆಂದು ಒಪ್ಪುತ್ತಿರಲಿಲ್ಲ. ಮುಂದೆ ಆ ಕಾನೂನು ಬದಲಾಯಿತು, ಚಾಪ್ಲಿನ್ ಮಾತ್ರ ಜೀವನಾಂಶ ಕಟ್ಟಿದರು. ಈಗ ಡಿಎನ್ಎ ಪರೀಕ್ಷೆ ಇದೆ.

ಗುಂಪಿಗೆ ತಕ್ಕಂತೆ ಊಟ ಮಾಡಬೇಕೇ? ಓ ಗುಂಪಿನವರು ಕಾಳು ತಿನ್ನಬಾರದಂತೆ?

ಅಮೆರಿಕದ ಪೀಟರ್ ಡಿ'ಆಡಮೊ 1996ರಲ್ಲಿ ಈ ಪಥ್ಯವನ್ನು ಜನಪ್ರಿಯಗೊಳಿಸಿದರು. ಓ ಗುಂಪಿನವರು ಬೇಟೆಗಾರರ ವಂಶದವರು, ಮಾಂಸ ತಿನ್ನಲಿ, ಎ ಗುಂಪಿನವರು ಬೇಸಾಯಗಾರರ ವಂಶ, ಸೊಪ್ಪು ತರಕಾರಿ ತಿನ್ನಲಿ, ಹೀಗೆ. ಕಾಳುಗಳಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನುಗಳು ಹೊಂದದ ಗುಂಪಿನವರ ರಕ್ತವನ್ನು ಗಂಟುಕಟ್ಟಿಸುತ್ತವೆ ಎನ್ನುವುದು ಅವರ ವಾದ. 2014ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದವರು 1,455 ಮಂದಿಯ ಊಟ, ರಕ್ತದ ಗುಂಪು, ಕೊಬ್ಬು, ರಕ್ತದೊತ್ತಡ ಎಲ್ಲವನ್ನೂ ಹೋಲಿಸಿದರು. ತರಕಾರಿ ಹೆಚ್ಚು ತಿಂದವರಿಗೆ ಒಳ್ಳೆಯದಾಗಿತ್ತು, ಅದು ಯಾವ ಗುಂಪಿನವರಾದರೂ ಸರಿ. ಗುಂಪಿಗೂ ಪಥ್ಯದ ಫಲಕ್ಕೂ ನಂಟು ಕಾಣಲಿಲ್ಲ.

ಆದರೆ ಲೆಕ್ಟಿನ್ ವಿಷಯ ಪೂರಾ ಕಟ್ಟುಕಥೆಯಲ್ಲ. ಅದರ ನಿಜವಾದ ಕಥೆ ನಮ್ಮ ಹುರುಳಿಕಾಳಿನದು, ಪಥ್ಯದ ಕಥೆಗಿಂತ ನೂರು ಪಾಲು ಚೆನ್ನಾಗಿದೆ.

ಎ ಗುಂಪಿನಲ್ಲೇ ಎ1, ಎ2 ಎಂಬ ಒಳಪಂಗಡಗಳಿವೆ. ಹೆಚ್ಚಿನವರು ಎ1. ಹಸಿ ಹುರುಳಿಕಾಳಿನ ಸಾರವನ್ನು ಹದವಾಗಿ ತೆಳುಮಾಡಿ ಬೆರೆಸಿದರೆ ಎ1 ಕಣಗಳು ಗಂಟುಕಟ್ಟುತ್ತವೆ, ಎ2 ಸುಮ್ಮನಿರುತ್ತವೆ. ಇದನ್ನು ರಕ್ತತಜ್ಞ ಜಿ. ಡಬ್ಲ್ಯು. ಜಿ. ಬರ್ಡ್ 1951ರಲ್ಲಿ ಪ್ರಕಟಿಸಿದ್ದು ನಮ್ಮ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಇಂದಿಗೂ ಜಗತ್ತಿನ ರಕ್ತನಿಧಿಗಳಲ್ಲಿ ಎ1 ಪತ್ತೆಗೆ ಬಳಸುವ ಪುಟ್ಟ ಬಾಟಲಿಯಲ್ಲಿರುವುದು ಹುರುಳಿಯ ಲೆಕ್ಟಿನ್. ಈ ಭೇದ ಬರೀ ಕುತೂಹಲದ್ದಲ್ಲ. ಕೆಲವೊಮ್ಮೆ ಎ2 ದಾನಿಯ ಮೂತ್ರಪಿಂಡವನ್ನು ಓ ಗುಂಪಿನ ರೋಗಿಗೆ ಕಸಿಮಾಡಲು ಸಾಧ್ಯವಾಗುತ್ತದೆ. ಎಚ್ ರಚನೆಯನ್ನು ಗುರುತಿಸಲು ಬಳಸುವುದು ಊಟಿಯ ಗುಡ್ಡಗಳಲ್ಲಿ ಕಳೆಯಾಗಿ ಹಬ್ಬಿರುವ, ಬ್ರಿಟಿಷರು ತಂದ ಗಾರ್ಸ್ ಎಂಬ ಹಳದಿ ಹೂವಿನ ಮುಳ್ಳುಪೊದೆಯ ಬೀಜವನ್ನು.

ಹಾಗಾದರೆ ಎ ಗುಂಪಿನವರು ಹುರುಳಿಸಾರು ಬಿಡಬೇಕೇ? ಬೇಡವೇ ಬೇಡ. ಚೆನ್ನಾಗಿ ಬೇಯಿಸಿದಾಗ ಲೆಕ್ಟಿನ್ ಕೆಲಸಕ್ಕೆ ಬಾರದಂತಾಗುತ್ತದೆ. ಕಟ್ಟನ್ನು ಬಸಿದು ಒಗ್ಗರಣೆ ಹಾಕುವಷ್ಟು ಹೊತ್ತಿಗೆ ಅದರ ಕಥೆ ಮುಗಿದಿರುತ್ತದೆ.

ಗುಂಪಿಗೂ ಗುಣಕ್ಕೂ ಸಂಬಂಧ ಇದೆಯೇ?

ಜಪಾನಿನಲ್ಲಿ ಇದೆಯೆಂದು ಬಹಳ ಜನ ನಂಬುತ್ತಾರೆ. 1927ರಲ್ಲಿ ತಾಕೆಜಿ ಫುರುಕಾವಾ ಎಂಬ ಅಧ್ಯಾಪಕರು ಶುರುಮಾಡಿದ ವಿಚಾರವನ್ನು 1970ರ ದಶಕದಲ್ಲಿ ಮಸಾಹಿಕೊ ನೋಮಿ ಎಂಬ ಬರಹಗಾರರು ಮನೆಮಾತಾಗಿಸಿದರು. ಎ ಅಚ್ಚುಕಟ್ಟು, ಬಿ ಸ್ವಂತ ದಾರಿ, ಓ ಧಾರಾಳಿ, ಎಬಿ ಅರ್ಥವಾಗದವರು. ನಮ್ಮಲ್ಲಿ ರಾಶಿ ಕೇಳುವಂತೆ ಅಲ್ಲಿ ಗುಂಪು ಕೇಳುತ್ತಾರೆ. 2011ರಲ್ಲಿ ಭೂಕಂಪ, ಸುನಾಮಿಯಿಂದ ನೊಂದ ಪ್ರದೇಶದ ಗವರ್ನರ್ ಜೊತೆ ಒರಟಾಗಿ ಮಾತಾಡಿದ ಪುನರ್ನಿರ್ಮಾಣ ಸಚಿವ ರ್‍ಯು ಮತ್ಸುಮೊಟೊ, ತನ್ನದು ಬಿ ಗುಂಪು, ಅದಕ್ಕೇ ಹಾಗೆ ಎಂದು ಸಮಜಾಯಿಷಿ ಕೊಟ್ಟರು. ಕುರ್ಚಿ ಉಳಿಯಲಿಲ್ಲ.

2014ರಲ್ಲಿ ಜಪಾನ್ ಮತ್ತು ಅಮೆರಿಕದ 10,000ಕ್ಕೂ ಹೆಚ್ಚು ಮಂದಿಯ ಉತ್ತರಗಳನ್ನು ಪರಿಶೀಲಿಸಿದಾಗ 68 ಪ್ರಶ್ನೆಗಳ ಪೈಕಿ 65ರಲ್ಲಿ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಇರಲಿಲ್ಲ. ಮಿಕ್ಕ ಮೂರರಲ್ಲೂ ಇದ್ದದ್ದು ಅತ್ಯಲ್ಪ. ಮಗನ ಸಿಟ್ಟಿಗೆ ಬೇರೆ ಕಾರಣ ಹುಡುಕಿ.

ಸೊಳ್ಳೆಗೆ ಓ ರಕ್ತ ಇಷ್ಟವಂತೆ?

ಒಂದೆರಡು ಪ್ರಯೋಗಗಳಲ್ಲಿ ಹಾಗೆ ಕಂಡಿದೆ. 2004ರಲ್ಲಿ ಜಪಾನಿನಲ್ಲಿ ನಡೆದದ್ದರಲ್ಲಿ ಏಡಿಸ್ ಜಾತಿಯ ಸೊಳ್ಳೆಗಳು ಎ ಗುಂಪಿನವರಿಗಿಂತ ಓ ಗುಂಪಿನವರ ಮೇಲೆ ಹೆಚ್ಚು ಕೂತವು. ಆದರೆ ಸೊಳ್ಳೆ ದೂರದಿಂದ ಹುಡುಕಿ ಬರುವುದು ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಬಿಸಿ, ಚರ್ಮದ ವಾಸನೆಯ ಜಾಡಿನಲ್ಲಿ. ಗುಂಪು ಯಾವುದೇ ಇರಲಿ, ಸಂಜೆ ಕಿಟಕಿ ಮುಚ್ಚಿ.

ಯಾವ ಗುಂಪಿನವರಿಗೆ ಯಾವ ಕಾಯಿಲೆ ಹೆಚ್ಚು?

ಇಲ್ಲಿ ವಿಜ್ಞಾನಕ್ಕೆ ನಿಜವಾಗಿಯೂ ಹೇಳಲು ಒಂದಿಷ್ಟಿದೆ. ಎಬಿಓ ಸಕ್ಕರೆಗಳು ರಕ್ತಕಣದ ಮೇಲಷ್ಟೇ ಅಲ್ಲ, ಕರುಳು ಮತ್ತು ರಕ್ತನಾಳಗಳ ಒಳಪದರದಲ್ಲೂ, ಹೆಚ್ಚಿನವರ ಜೊಲ್ಲಿನಲ್ಲೂ ಇರುತ್ತವೆ.

ರಕ್ತ ಹೆಪ್ಪುಗಟ್ಟಲು ನೆರವಾಗುವ ವಾನ್ ವಿಲ್ಲೆಬ್ರಾಂಡ್ ಎಂಬ ಪ್ರೋಟೀನ್ ಓ ಗುಂಪಿನವರಲ್ಲಿ ಮಿಕ್ಕವರಿಗಿಂತ ಸುಮಾರು ಕಾಲುಭಾಗ ಕಡಿಮೆ. ಆದ್ದರಿಂದ ಕಾಲಿನ ಅಭಿಧಮನಿಯಲ್ಲಿ ರಕ್ತ ಗಡ್ಡೆಕಟ್ಟುವ ತೊಂದರೆ ಓ ಅಲ್ಲದವರಲ್ಲಿ ಹೆಚ್ಚು. 2012ರಲ್ಲಿ ಹಾರ್ವರ್ಡ್‌ನವರು ಸುಮಾರು 90 ಸಾವಿರ ಮಂದಿಯ ದಾಖಲೆ ನೋಡಿದಾಗ, ಓ ಗುಂಪಿಗೆ ಹೋಲಿಸಿದರೆ ಹೃದಯದ ಕಾಯಿಲೆಯ ಸಾಧ್ಯತೆ ಎಬಿಯಲ್ಲಿ ಶೇ 23, ಬಿಯಲ್ಲಿ ಶೇ 11, ಎಯಲ್ಲಿ ಶೇ 5 ಹೆಚ್ಚಿತ್ತು. ಎಬಿಯವರು ಹೌಹಾರಬೇಕಿಲ್ಲ. ಬೀಡಿ ಸಿಗರೇಟು ಸೇದುವುದರ ಮುಂದೆ ಇದು ತೀರಾ ಚಿಕ್ಕದು. ಗುಂಪನ್ನು ಬಿಡಲಾಗದು, ಸಿಗರೇಟನ್ನು ಬಿಡಬಹುದು.

ಫಾಲ್ಸಿಪಾರಂ ಮಲೇರಿಯಾದಲ್ಲಿ ಸೋಂಕು ತಗುಲಿದ ಕಣಗಳು ಪಕ್ಕದ ಕಣಗಳನ್ನು ಅಂಟಿಸಿಕೊಂಡು ಗೊಂಚಲಾಗಿ ಸಣ್ಣ ರಕ್ತನಾಳಗಳನ್ನು ಕಟ್ಟಿಹಾಕುತ್ತವೆ. ಎ, ಬಿ ಸಕ್ಕರೆ ಇಲ್ಲದ ಓ ಕಣಗಳು ಅಷ್ಟಾಗಿ ಅಂಟುವುದಿಲ್ಲ. ಹೀಗಾಗಿ ಓ ಗುಂಪಿನವರಿಗೆ ಮಲೇರಿಯಾ ಬಂದರೂ ಪ್ರಾಣಾಂತಿಕ ಹಂತ ತಲುಪುವುದು ಕಡಿಮೆ. ಕಾಲರಾದಲ್ಲಿ ತದ್ವಿರುದ್ಧ: ಅದು ಓ ಗುಂಪಿನವರನ್ನೇ ಹೆಚ್ಚು ಹಣ್ಣುಮಾಡುತ್ತದೆ. ಜಠರದ ಹುಣ್ಣೂ ಓ ಗುಂಪಿನಲ್ಲಿ ಹೆಚ್ಚು, ಜಠರದ ಕ್ಯಾನ್ಸರ್ ಎ ಗುಂಪಿನಲ್ಲಿ ತುಸು ಹೆಚ್ಚು. ಒಂದು ಗುಂಪು ಎಲ್ಲದರಲ್ಲೂ ಗೆದ್ದಿದ್ದರೆ ಮಿಕ್ಕವು ಇಷ್ಟು ಕಾಲ ಉಳಿಯುತ್ತಿರಲಿಲ್ಲ.

ಆಫ್ರಿಕಾದ ಪಶ್ಚಿಮ ಭಾಗದ ಬಹುತೇಕರ ರಕ್ತಕಣದ ಮೇಲೆ ಡಫಿ ಎಂಬ ಪ್ರೋಟೀನೇ ಇಲ್ಲ. ವೈವಾಕ್ಸ್ ಮಲೇರಿಯಾ ರೋಗಾಣು ಕಣದೊಳಗೆ ನುಗ್ಗುವುದು ಅದರ ಮೂಲಕವೇ. ನಮ್ಮಲ್ಲಿ ಡಫಿ ಇದೆ, ವೈವಾಕ್ಸೂ ಇದೆ.

ರಕ್ತದ ಗುಂಪು ಬದಲಾಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡವರಲ್ಲಿ ಬದಲಾಗುತ್ತದೆ, ಏಕೆಂದರೆ ಇನ್ನು ಮುಂದೆ ರಕ್ತ ತಯಾರಿಸುವುದು ದಾನಿಯ ಮಜ್ಜೆ. ಕೆಲವು ರಕ್ತ ಕ್ಯಾನ್ಸರುಗಳಲ್ಲಿ ಎ, ಬಿ ಮಸುಕಾಗಿ ಓ ಎಂಬಂತೆ ಕಾಣುವುದುಂಟು. ದೊಡ್ಡ ಕರುಳಿನ ಕ್ಯಾನ್ಸರು ಅಥವಾ ಸೋಂಕಿನಲ್ಲಿ ಬ್ಯಾಕ್ಟೀರಿಯಾದ ಕಿಣ್ವವೊಂದು ಎ ಸಕ್ಕರೆಯನ್ನು ಕೆತ್ತಿ ಬಿ ಹಾಗೆ ಕಾಣಿಸುತ್ತದೆ. ಕಾಯಿಲೆ ವಾಸಿಯಾದರೆ ಹಳೆಯದೇ ಮರಳುತ್ತದೆ.

ಇವು ಯಾವುವೂ ಇಲ್ಲದೆ ಎರಡು ಲ್ಯಾಬಿನಲ್ಲಿ ಎರಡು ಗುಂಪು ಬಂದಿದ್ದರೆ ಒಂದು ಲ್ಯಾಬು ತಪ್ಪಿದೆ. ಇನ್ನೊಂದು ಸಾಧ್ಯತೆ, ನಿಮ್ಮದು ದುರ್ಬಲ ಡಿ. ಡಿ ಪ್ರೋಟೀನ್ ತೀರಾ ಕಡಿಮೆ ಇದ್ದಾಗ ಒಂದು ಕಡೆ ಪಾಸಿಟಿವ್, ಇನ್ನೊಂದು ಕಡೆ ನೆಗೆಟಿವ್ ಎಂದು ಬರುತ್ತದೆ. ಇಂಥವರನ್ನು ರಕ್ತ ಕೊಡುವಾಗ ಪಾಸಿಟಿವ್ ಎಂದೂ, ಪಡೆಯುವಾಗ ಸಾಮಾನ್ಯವಾಗಿ ನೆಗೆಟಿವ್ ಎಂದೂ ಎಣಿಸುತ್ತಾರೆ. ವಿಚಿತ್ರ ಅನಿಸಿದರೂ ಎರಡೂ ಕಡೆ ಕ್ಷೇಮದ ದಾರಿ ಅದೇ.

ಬಿ ರಕ್ತವನ್ನು ಓ ಮಾಡಲು ಆಗುವುದಿಲ್ಲವೇ?

ಆಗುತ್ತದೆ, ಅದೂ ಕಾಫಿ ಬೀಜದಿಂದ! ಬಿ ಸಕ್ಕರೆಯನ್ನು ತುದಿಯಿಂದ ಕತ್ತರಿಸಿ ಹಾಕುವ ಕಿಣ್ವ ಹುರಿಯದ ಹಸಿ ಕಾಫಿ ಬೀಜದಲ್ಲಿದೆ. 1982ರಲ್ಲಿ ನ್ಯೂಯಾರ್ಕಿನ ಜ್ಯಾಕ್ ಗೋಲ್ಡ್‌ಸ್ಟೈನ್ ತಂಡ ಹೀಗೆ ಬಿಯನ್ನು ಓ ಮಾಡಿ ಸ್ವಯಂಸೇವಕರಿಗೆ ಕೊಟ್ಟು ತೋರಿಸಿತು. ಕಿಣ್ವ ವಿಪರೀತ ಬೇಕಾಗುತ್ತಿದ್ದುದರಿಂದ ಅದು ಬಳಕೆಗೆ ಬರಲಿಲ್ಲ. ಎ ಸಕ್ಕರೆ ಇನ್ನೂ ಹಟಮಾರಿ. 2019ರಲ್ಲಿ ಕೆನಡಾದವರಿಗೆ, 2024ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ನಿನವರಿಗೆ ಮನುಷ್ಯರ ಕರುಳಿನ ಬ್ಯಾಕ್ಟೀರಿಯಾಗಳಲ್ಲೇ ಹೆಚ್ಚು ಚುರುಕಿನ ಕಿಣ್ವಗಳು ಸಿಕ್ಕಿವೆ. ಚಿಕ್ಕಮಗಳೂರಿನ ಬೆಳೆಗಾರರು ಸದ್ಯಕ್ಕೆ ಬೀಜವನ್ನು ಹುರಿಯಲು ಕಳಿಸುವುದೇ ಲೇಸು.

ಡೆಂಗಿಗೆ ಪ್ಲೇಟ್‌ಲೆಟ್ ಬೇಕಾದಾಗ ಅದೇ ಗುಂಪಿನವರೇ ಆಗಬೇಕೇ?

ಅದೇ ಗುಂಪಾದರೆ ಒಳ್ಳೆಯದು, ಸಿಗದಿದ್ದರೆ ವೈದ್ಯರು ಬೇರೆ ಗುಂಪಿನದನ್ನೂ ಕೊಡಬಹುದು. ಕೆಂಪುಕಣಗಳಷ್ಟು ಕಟ್ಟುನಿಟ್ಟು ಇದಕ್ಕಿಲ್ಲ. ಪ್ಲೇಟ್‌ಲೆಟ್ ಚೀಲ ಐದೇ ದಿನ ಬಾಳುತ್ತದೆ, ಫ್ರಿಜ್ಜಿನಲ್ಲಿಡುವಂತಿಲ್ಲ, 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತಲೇ ಇರಬೇಕು. ಮಳೆಗಾಲದಲ್ಲಿ ಕೊರತೆ ಬೀಳುವುದು ಇದಕ್ಕೇ. ಇನ್ನೊಂದು ಮಾತು: ರಕ್ತಸ್ರಾವವಿಲ್ಲದಿದ್ದರೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಎಣಿಕೆ 10,000ಕ್ಕಿಂತ ಕೆಳಗಿಳಿಯುವವರೆಗೆ ಕೊಡುವ ಅಗತ್ಯವಿಲ್ಲ. 60,000 ಎಂದು ರಿಪೋರ್ಟ್ ಬಂದ ಕೂಡಲೇ ದಾನಿಗಳಿಗೆ ಫೋನ್ ಹಚ್ಚುವುದು ಬೇಡ, ವೈದ್ಯರನ್ನು ಕೇಳಿ.

ಲೈಸೆನ್ಸಿನ ಮೇಲೆ ಗುಂಪು ಇದೆಯಲ್ಲ, ಅಪಘಾತವಾದರೆ ಅದೇ ಸಾಕೇ?

ಸಾಲದು. ಅದನ್ನು ನಂಬಿ ಯಾರೂ ರಕ್ತ ಏರಿಸುವುದಿಲ್ಲ. ಗುಂಪನ್ನು ಹೊಸದಾಗಿ ನೋಡಿ, ಚೀಲದ ರಕ್ತದೊಂದಿಗೆ ಕ್ರಾಸ್‌ಮ್ಯಾಚ್ ಮಾಡಿಯೇ, ಅಂದರೆ ಎರಡೂ ಹೊಂದುತ್ತವೆಯೇ ಎಂದು ಬೆರೆಸಿ ನೋಡಿಯೇ, ಕೊಡುತ್ತಾರೆ.

ಗೋಲ್ಡನ್ ಬ್ಲಡ್ ಅಂದರೆ?

ಆರ್‌ಎಚ್ ವ್ಯವಸ್ಥೆಯ ಒಂದು ಪ್ರತಿಜನಕವೂ ಇಲ್ಲದ ರಕ್ತ. 1961ರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿ ಮಹಿಳೆಯೊಬ್ಬರಲ್ಲಿ ಮೊದಲು ಕಂಡಿತು. ಜಗತ್ತಿನಲ್ಲಿ ಗೊತ್ತಿರುವವರು 50ಕ್ಕೂ ಕಡಿಮೆ. ಹೆಸರು ಚಿನ್ನದ್ದಾದರೂ ಬಾಳು ಸುಲಭವಲ್ಲ: ಅವರ ಕಣಗಳು ಬೇಗ ಒಡೆಯುತ್ತವೆ, ರಕ್ತಹೀನತೆ ಕಾಡುತ್ತದೆ.

ನನ್ನದು ನೆಗೆಟಿವ್ ಅಥವಾ ಅಪರೂಪದ ಗುಂಪು. ನಾನು ಏನು ಮಾಡಬೇಕು?

ಹತ್ತಿರದ ರಕ್ತನಿಧಿಯಲ್ಲಿ ಹೆಸರು, ಫೋನ್ ನಂಬರು ಬರೆಸಿಡಿ. ಅಣ್ಣ ತಮ್ಮ, ಅಕ್ಕ ತಂಗಿಯರ ಗುಂಪನ್ನೂ ಪರೀಕ್ಷೆ ಮಾಡಿಸಿ. ಅಪರೂಪದ ಗುಂಪುಗಳಲ್ಲಿ ಒಡಹುಟ್ಟಿದವರದೇ ಹೊಂದುವ ಸಾಧ್ಯತೆ ಹೆಚ್ಚು. ಮೊದಲೇ ದಿನ ಗೊತ್ತುಮಾಡಿದ ಶಸ್ತ್ರಚಿಕಿತ್ಸೆ ಇದ್ದರೆ ನಿಮ್ಮದೇ ರಕ್ತವನ್ನು ಮುಂಚಿತವಾಗಿ ತೆಗೆದಿಡಲಾಗುವುದೇ ಎಂದು ಕೇಳಿ. ಕೆಂಪುಕಣಗಳು ಬಳಸಿದ ದ್ರಾವಣಕ್ಕೆ ತಕ್ಕಂತೆ 35ರಿಂದ 42 ದಿನ ಬಾಳುತ್ತವೆ.

ದಾನದ ನಿಯಮ ಎಲ್ಲ ಗುಂಪಿಗೂ ಒಂದೇ: ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ನೆಗೆಟಿವ್ ಗುಂಪಿನವರಿಗೆ ನನ್ನದೊಂದು ಸಲಹೆ: ಶಿಬಿರ ಕಂಡಲ್ಲೆಲ್ಲ ಕೊಟ್ಟುಬಿಡುವುದಕ್ಕಿಂತ ರಕ್ತನಿಧಿಯವರು ಕರೆದಾಗ ಹೋಗುವುದು ಹೆಚ್ಚು ಉಪಯೋಗ. ಯಾರಾದರೂ "ಓ ನೆಗೆಟಿವ್‌ಗೆ ಇಷ್ಟು ಸಾವಿರ ಕೊಡುತ್ತೇವೆ" ಎಂದರೆ ಒಪ್ಪಬೇಡಿ, ಕೇಳಿದವರಿಗೆ ಕೊಡಲೂ ಬೇಡಿ. ಸುಪ್ರೀಂ ಕೋರ್ಟಿನ ಆದೇಶದಂತೆ 1998ರ ಜನವರಿ 1ರಿಂದ ಹಣ ಪಡೆದು ರಕ್ತ ಕೊಡುವುದು ನಿಷಿದ್ಧ. ರಕ್ತನಿಧಿ ಪಡೆಯುವುದು ಪರೀಕ್ಷೆ ಮತ್ತು ಸಂಸ್ಕರಣೆಯ ಶುಲ್ಕ ಮಾತ್ರ, ಅದಕ್ಕೆ ರಸೀದಿ ಕೇಳಿ ಪಡೆಯಿರಿ. ಯಾವ ರಕ್ತನಿಧಿಯಲ್ಲಿ ಯಾವ ಗುಂಪು ಎಷ್ಟಿದೆ ಎನ್ನುವುದು ಕೇಂದ್ರ ಸರ್ಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ಸಿಗುತ್ತದೆ. ಹೊರಡುವ ಮೊದಲು ಅಲ್ಲಿಗೆ ಒಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.